ಕೂಸಿಗೊಂದು ಅಂಗಿ



‘ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದರು’ ಎಂಬ ಗಾದೆಯನ್ನು ನೀವು ಮನೆಯಲ್ಲಿ ಹಿರಿಯರ ಬಾಯಿಂದ ಕೇಳಿರುತ್ತೀರಿ. ಕುಲಾವಿ ಎಂದರೆ ಕೂಸಿನ ತಲೆಗೆ ಹಾಕುವ ಬಟ್ಟೆಯ ಟೊಪ್ಪಿಗೆ. ಆಗದ ಕೆಲಸಕ್ಕೆ ಮೊದಲೇ ಸಂಭ್ರಮಪಡುವ ಅವಸರಗಾರರನ್ನು ಹಂಗಿಸಲು ಈ ಗಾದೆಯನ್ನು ಬಳಸುತ್ತೇವೆ. ಆದರೆ ಇದರಲ್ಲಿ ಹೊಲಿಗೆಯವರ ಒಂದು ನೇರವಾದ ಮಾತೂ ಅಡಗಿದೆ: ಅಳತೆ ಕೈಗೆ ಸಿಗುವ ಮುನ್ನ ಬಟ್ಟೆಗೆ ಕತ್ತರಿ ಹಾಕಬಾರದು.

ವಿಚಿತ್ರವೆಂದರೆ, ಕೂಸು ಹುಟ್ಟಿದ ಮೇಲೂ ನಾವು ಅದರ ಅಳತೆ ತೆಗೆಯುವುದು ಅಪರೂಪ. ಕೊಟ್ಟೂರಿನ ತೇರಿಗೋ ಮೈಲಾರದ ಜಾತ್ರೆಗೋ ಹೋದಾಗ, ಹರಪನಹಳ್ಳಿಯ ಸಂತೆಗೆ ಹೋದಾಗ, ‘ಬೆಳೆಯುವ ಮಗು, ಒಂದು ಅಳತೆ ದೊಡ್ಡದೇ ಇರಲಿ’ ಎಂದು ಅಂಗಿ ಕೊಳ್ಳುತ್ತೇವೆ. ಆ ಅಂಗಿ ಹೆಗಲಿನಿಂದ ಜಾರುತ್ತದೆ. ಈಗಷ್ಟೇ ಹೆಜ್ಜೆ ಕಲಿಯುತ್ತಿರುವ ಮಗು ತನ್ನ ಅಂಗಿಯ ಅಂಚನ್ನೇ ತುಳಿದು ಬೀಳುತ್ತದೆ. ದೊಡ್ಡದು ಎಂದರೆ ಎಲ್ಲಿ ದೊಡ್ಡದು, ಎಷ್ಟು ದೊಡ್ಡದು ಎಂದು ನಾವು ಕೇಳಿಕೊಂಡಿರುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ, ಒಂದು ವರ್ಷದ ಮಗುವಿಗೆ ಮನೆಯಲ್ಲೇ ಅಂಗಿ ಹೊಲಿಯುವುದು ಹೇಗೆಂದು ಇಂದು ನೋಡೋಣ.

ಮೊದಲು ಮಗುವಿನ ಮೈಕಟ್ಟನ್ನು ಗಮನಿಸೋಣ. ಮಗು ಎಂದರೆ ಸಣ್ಣಗೆ ಮಾಡಿದ ದೊಡ್ಡ ಮನುಷ್ಯನಲ್ಲ. ನಿಮ್ಮ ಎತ್ತರದಲ್ಲಿ ತಲೆಯ ಪಾಲು ಏಳರಲ್ಲಿ ಒಂದೋ ಎಂಟರಲ್ಲಿ ಒಂದೋ ಇರುತ್ತದೆ. ಹುಟ್ಟಿದ ಕೂಸಿನಲ್ಲಿ ಅದು ನಾಲ್ಕರಲ್ಲಿ ಒಂದು ಪಾಲು. ಹುಟ್ಟಿದಾಗ ಕೂಸಿನ ಉದ್ದ ಸುಮಾರು 50 ಸೆಂಟಿಮೀಟರ್. ವರ್ಷ ತುಂಬುವ ಹೊತ್ತಿಗೆ ಸುಮಾರು 75. ಎರಡು ವರ್ಷಕ್ಕೆ ಸುಮಾರು 86. ತಲೆಯ ಸುತ್ತಳತೆ ಹುಟ್ಟಿದಾಗ ಸುಮಾರು 34, ವರ್ಷಕ್ಕೆ 46, ಎರಡು ವರ್ಷಕ್ಕೆ 48. ಎದೆಯ ಸುತ್ತಳತೆಯೂ ವರ್ಷದ ಹೊತ್ತಿಗೆ ತಲೆಯ ಸುತ್ತಳತೆಗೆ ಹತ್ತಿರ ಬಂದು, ಆಮೇಲೆ ಅದನ್ನು ನಿಧಾನವಾಗಿ ಮೀರುತ್ತದೆ. ಇವು ಸರಾಸರಿ ಲೆಕ್ಕಗಳು. ನಿಮ್ಮ ಮನೆಯ ಮಗು ಇದಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಅದು ಸಹಜವೇ.

ಈ ಅಂಕಿಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಎರಡನೆಯ ವರ್ಷದಲ್ಲಿ ಮಗು ಸುಮಾರು 11 ಸೆಂಟಿಮೀಟರ್ ಎತ್ತರವಾಗುತ್ತದೆ. ಅದೇ ಅವಧಿಯಲ್ಲಿ ತಲೆ ಬೆಳೆಯುವುದು ಕೇವಲ ಎರಡು ಸೆಂಟಿಮೀಟರ್, ಎದೆ ಬೆಳೆಯುವುದು ಎರಡು ಮೂರು ಸೆಂಟಿಮೀಟರ್. ಅಂದರೆ ಮಗು ಬೆಳೆಯುವುದು ಉದ್ದಕ್ಕೆ, ಅಗಲಕ್ಕಲ್ಲ. ಹಾಗಾದರೆ ಬೆಳೆಯುವ ಮಗುವಿಗೆ ಅಂಗಿಯ ಹೆಗಲು, ಕೊರಳು, ಎದೆ ಇಂದಿನ ಅಳತೆಗೆ ಸರಿಯಾಗಿರಬೇಕು. ನಾಳೆಗೆ ಬೇಕಾದ ಬಟ್ಟೆಯನ್ನು ಕೆಳ ಅಂಚಿನಲ್ಲಿ ಮಡಚಿ ಇಡಬೇಕು. ನಮ್ಮ ಹಳ್ಳಿಗಳಲ್ಲಿ ಹುಡುಗಿಯರ ಲಂಗಕ್ಕೆ ಒಳಗೆ ಮಡಿಕೆ ಹಿಡಿದು ಹೊಲಿದು, ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ.

ಇನ್ನು ಬಟ್ಟೆಯ ಆಯ್ಕೆ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಇವೆಲ್ಲ ಬಿಸಿಲ ಸೀಮೆ. ಬೇಸಿಗೆಯಲ್ಲಿ ದೊಡ್ಡವರೇ ಅಂಗಿ ಕಳಚಿ ಕೂರುವಾಗ ಕೂಸಿನ ಪಾಡೇನು? ಮಗುವಿನ ಚರ್ಮ ನಮ್ಮದಕ್ಕಿಂತ ತೆಳು. ಬೆವರು ಆರದೆ ನಿಂತರೆ ಬೆವರುಸಾಲೆ ಏಳುತ್ತದೆ. ಇಲ್ಲಿ ನೀವು ಶಾಲೆಯಲ್ಲಿ ಕಲಿತ ವಿಜ್ಞಾನ ನೆರವಿಗೆ ಬರುತ್ತದೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣಹತ್ತಿ ಗಾಳಿಯಿಂದ ಸುಮಾರು 8 ಗ್ರಾಂ ತೇವವನ್ನು ಹೀರಿಕೊಳ್ಳುತ್ತದೆ. ಅಷ್ಟೇ ತೂಕದ ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಪಾಲಿಯೆಸ್ಟರಿನ ಮಿರುಗುವ ಫ್ರಾಕು ಫೋಟೋದಲ್ಲಿ ಚೆನ್ನಾಗಿ ಕಾಣಬಹುದು, ಆದರೆ ಅದರೊಳಗಿನ ಮಗು ಅಳುವುದಕ್ಕೆ ಕಾರಣವಿದೆ. ಇನ್ನೊಂದು ಮಾತು. ಕಿಡಿ ತಗುಲಿದರೆ ಹತ್ತಿಯೂ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಒಲೆ, ದೀಪಗಳ ಹತ್ತಿರ ಯಾವ ಬಟ್ಟೆ ತೊಟ್ಟ ಮಗುವನ್ನೂ ಬಿಡಬಾರದು.

ಎಲ್ಲಕ್ಕಿಂತ ಮೆತ್ತನೆಯ ಬಟ್ಟೆ ಅಂಗಡಿಯಲ್ಲಲ್ಲ, ನಿಮ್ಮ ಮನೆಯ ಪೆಟ್ಟಿಗೆಯಲ್ಲೇ ಇದೆ. ಅಜ್ಜನ ಹಳೆಯ ಪಂಚೆ, ಅಜ್ಜಿಯ ಹತ್ತಿ ಸೀರೆ ಅದು. ನೂರಾರು ಸಲ ಒಗೆದು ಗಂಜಿಯೆಲ್ಲ ಬಿಟ್ಟುಹೋದ ಬಟ್ಟೆ ಚರ್ಮವನ್ನು ಉಜ್ಜುವುದಿಲ್ಲ. ಹುಟ್ಟಿದ ಕೂಸನ್ನು ಮೊದಲು ಹಿರಿಯರ ಹಳೆಯ ಬಟ್ಟೆಯಲ್ಲಿ ಸುತ್ತುವ ರೂಢಿಯಲ್ಲಿ ಪ್ರೀತಿಯ ಜೊತೆಗೆ ಈ ತಿಳಿವಳಿಕೆಯೂ ಇದೆ. ಹೊಸ ಬಟ್ಟೆ ತಂದರೆ ಅದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿದ ಮೇಲೆಯೇ ಕತ್ತರಿಸಿ. ನೂರಕ್ಕೆ ಐದರಷ್ಟು ಕುಗ್ಗುವ ಬಟ್ಟೆಯಾದರೆ 40 ಸೆಂಟಿಮೀಟರಿನ ಅಂಗಿ ಮೊದಲ ಒಗೆತಕ್ಕೇ 38 ಆಗಿಬಿಡುತ್ತದೆ.

ಈಗ ಅಳತೆ. ತೋಳಿಲ್ಲದ ಒಂದು ಸಾದಾ ಜಬಲಾ ಹೊಲಿಯೋಣ. ಮಗುವಿನ ಎದೆಯ ಸುತ್ತಳತೆ 46 ಸೆಂಟಿಮೀಟರ್, ದರ್ಜಿಯ ಲೆಕ್ಕದಲ್ಲಿ 18 ಇಂಚು, ಎಂದಿಟ್ಟುಕೊಳ್ಳಿ. ಉಸಿರಾಟಕ್ಕೆ, ಆಟಕ್ಕೆ ಸಡಿಲ ಬೇಕಲ್ಲ, ಅದಕ್ಕೆ 10 ಸೇರಿಸಿದರೆ 56. ನಾಲ್ಕರಿಂದ ಭಾಗಿಸಿದರೆ 14. ಹೊಲಿಗೆಯ ಅಂಚಿಗೆ ಒಂದೂವರೆ ಸೇರಿಸಿದರೆ ಹದಿನೈದೂವರೆ. ಇದು ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಮಡಚಿದಾಗ ಬೇಕಾಗುವ ಅಗಲ. ಬಿಚ್ಚಿದರೆ ಮುಂಭಾಗ 31, ಹಿಂಭಾಗ 31, ಒಟ್ಟು 62 ಸೆಂಟಿಮೀಟರ್. ಹೊಲಿದು ಮುಗಿದ ಅಂಗಿಯ ಉದ್ದ 35 ಇರಲಿ. ಹೆಗಲ ಹೊಲಿಗೆಗೆ ಒಂದೂವರೆ, ಕೆಳಗಿನ ಅಗಲವಾದ ಮಡಿಕೆಗೆ 7 ಸೇರಿಸಿ. ಸುಮಾರು 44 ಆಯಿತು. 90 ಸೆಂಟಿಮೀಟರ್ ಪನ್ನದ ಬಟ್ಟೆಯಾದರೆ ಅರ್ಧ ಮೀಟರ್ ಸಾಕು, ಕೊರಳಿಗೆ ಪಟ್ಟಿ ಹೊಲಿಯಲೂ ಬಟ್ಟೆ ಉಳಿಯುತ್ತದೆ. ಮೊದಲು ಹಳೆಯ ಪತ್ರಿಕೆಯ ಹಾಳೆಯ ಮೇಲೆ ನಕ್ಷೆ ಬರೆದು ಕತ್ತರಿಸಿ ನೋಡಿ. ಕಾಗದ ಕೆಟ್ಟರೆ ಇನ್ನೊಂದು ಹಾಳೆ ಇದೆ.

ಮನೆಯಲ್ಲಿ ಹೊಲಿದ ಅಂಗಿಗಳು ಸಾಮಾನ್ಯವಾಗಿ ಸೋಲುವುದು ಕೊರಳಿನಲ್ಲಿ. ಅಂಗಿಯ ಉಳಿದ ಭಾಗವೆಲ್ಲ ಸರಿಯಿದ್ದು ತಲೆಯೇ ತೂರದಿದ್ದರೆ ಏನು ಪ್ರಯೋಜನ? ಮಗುವಿನ ತಲೆಯ ಸುತ್ತಳತೆ ಅದರ ಕೊರಳಿನ ಸುಮಾರು ಎರಡರಷ್ಟಿರುತ್ತದೆ. ಮಡಿಕೆಯಿಂದ ಪಕ್ಕಕ್ಕೆ 6, ಮುಂಭಾಗದಲ್ಲಿ ಕೆಳಕ್ಕೆ 6, ಹಿಂಭಾಗದಲ್ಲಿ 2 ಸೆಂಟಿಮೀಟರ್ ಗುರುತು ಹಾಕಿ ಬಾಗಿಸಿ ಕತ್ತರಿಸಿದರೆ ಕೊರಳ ಸುತ್ತು ಸುಮಾರು 32 ಬರುತ್ತದೆ. ತಲೆಯೋ 46. ಇನ್ನೂ 14 ಕಡಿಮೆ. ಕೊರಳನ್ನೇ ಅಗಲ ಮಾಡಿದರೆ ಅಂಗಿ ಹೆಗಲಿನಿಂದ ಜಾರುತ್ತದೆ. ಹಾಗಾಗಿ ಬೆನ್ನಿನ ನಡುವೆ 9 ಸೆಂಟಿಮೀಟರ್ ಉದ್ದದ ಸೀಳು ಕೊಡಿ. ಸೀಳಿಗೆ ಎರಡು ಬದಿ ಇರುವುದರಿಂದ ಅದು ಸುತ್ತಳತೆಗೆ 18 ಸೇರಿಸುತ್ತದೆ. 32ಕ್ಕೆ 18 ಕೂಡಿದರೆ 50. ತಲೆ ಸುಲಭವಾಗಿ ತೂರುತ್ತದೆ, ಮುಂದಿನ ವರ್ಷ 48 ಆದರೂ ತೂರುತ್ತದೆ. ರೇಖಾಗಣಿತದ ಪಾಠ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವವರಿಗೆ ಈ ಸೀಳನ್ನು ತೋರಿಸಬಹುದು.

ಹೊಲಿಗೆಯಲ್ಲಿ ಗಮನಿಸಬೇಕಾದುದು ಒಳಮೈ. ನಾವು ಹೊರಗಿನಿಂದ ನೋಡುತ್ತೇವೆ. ಮಗು ಒಳಗಿನಿಂದ ತೊಡುತ್ತದೆ. ಬಟ್ಟೆಯ ಬಿಡಿ ಅಂಚು, ಗಂಟು ಹಾಕಿದ ದಾರ ಮೈಗೆ ಚುಚ್ಚಬಾರದು. ಅದಕ್ಕೆ ಬದಿಗಳನ್ನು ಎರಡು ಸಲ ಹೊಲಿಯಬೇಕು. ಮೊದಲು ಬಟ್ಟೆಯ ಹೊರಮೈ ಹೊರಗಿರುವಂತೆ ಎರಡು ಭಾಗಗಳನ್ನು ಜೋಡಿಸಿ ಅಂಚಿಗೆ ಹತ್ತಿರ ಒಂದು ಹೊಲಿಗೆ ಹಾಕಿ, ಅಂಚನ್ನು ಸಣ್ಣಗೆ ಕತ್ತರಿಸಿ. ನಂತರ ಮಗುಚಿ, ಒಳಮೈ ಮೇಲೆ ಮಾಡಿ ಇನ್ನೊಂದು ಹೊಲಿಗೆ ಹಾಕಿ. ಬಿಡಿ ಅಂಚು ಎರಡು ಹೊಲಿಗೆಗಳ ನಡುವೆ ಮುಚ್ಚಿಹೋಗುತ್ತದೆ. ಕೊರಳಿಗೆ, ಕಂಕುಳಿಗೆ ಬಟ್ಟೆಯನ್ನು ಓರೆಯಾಗಿ, ಅಂದರೆ 45 ಡಿಗ್ರಿ ಕೋನದಲ್ಲಿ, ಕತ್ತರಿಸಿದ ಪಟ್ಟಿಯನ್ನೇ ಹಾಕಬೇಕು. ನೇಯ್ದ ಬಟ್ಟೆ ಹಾಸು ಹೊಕ್ಕಿನ ದಿಕ್ಕಿಗೆ ಹಿಗ್ಗುವುದಿಲ್ಲ, ಓರೆಗೆ ಹಿಗ್ಗುತ್ತದೆ. ಅದರಿಂದಲೇ ಅದು ಬಾಗಿದ ಅಂಚಿಗೆ ಸುಕ್ಕಿಲ್ಲದೆ ಕೂರುತ್ತದೆ. ಯಂತ್ರವಿಲ್ಲದಿದ್ದರೆ ಕೈಹೊಲಿಗೆಯೇ ಸಾಕು. ಇಷ್ಟು ಪುಟ್ಟ ಅಂಗಿ ಎರಡು ಸಂಜೆಯ ಕೆಲಸ.

ಅಂದಕ್ಕಿಂತ ಮೊದಲು ಸುರಕ್ಷತೆ. ಈ ವಯಸ್ಸಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಸಡಿಲವಾದ ಗುಂಡಿ, ಮಣಿ, ಚಮಕಿ ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು. ಸೀಳಿಗೆ ಚಪ್ಪಟೆಯಾದ ಪ್ರೆಸ್ ಬಟನ್ ಒಂದನ್ನು ಬಿಗಿಯಾಗಿ ಹೊಲಿಯಿರಿ. ಪ್ರತಿ ಒಗೆತದ ನಂತರ ಎಳೆದು ಪರೀಕ್ಷಿಸಿ. ಕೊರಳಿನ ಬಳಿ ಎಳೆದು ಕಟ್ಟುವ ಲಾಡಿ ಬೇಡ. ಆಟದ ಸಾಮಾನಿಗೋ ಬಾಗಿಲಿಗೋ ಲಾಡಿ ಸಿಕ್ಕಿ ಮಕ್ಕಳು ಸತ್ತ ಪ್ರಕರಣಗಳಿಂದಾಗಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಮಕ್ಕಳ ಮೇಲುಡುಪಿನಲ್ಲಿ ಇಂಥ ದಾರಗಳ ವಿರುದ್ಧ 1996ರಲ್ಲಿ ಮಾರ್ಗಸೂಚಿ ಹೊರಡಿಸಿತು. ನಮ್ಮ ಕುಲಾವಿಗೆ ಗದ್ದದ ಕೆಳಗೆ ಕಟ್ಟುವ ದಾರವಿರುತ್ತದೆ. ಎತ್ತಿಕೊಂಡಾಗ ಕಟ್ಟಬಹುದು. ಮಗುವನ್ನು ಮಲಗಿಸುವಾಗ, ಆಡಲು ಬಿಡುವಾಗ ತೆಗೆದಿಡಬೇಕು.

ಹೀಗೆಂದು ನಮ್ಮ ಪರಂಪರೆಯನ್ನು ಬಿಡಬೇಕೆಂದಲ್ಲ. ಉತ್ತರ ಕರ್ನಾಟಕದ ತಾಯಂದಿರು ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಕುಂಚಿಗೆಯನ್ನು ಕೂಸಿಗೆಂದೇ ಹೊಲಿಯುತ್ತಿದ್ದರು. ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವುದು ಈಗಲೂ ಇದೆ. ಈ ಸೀಮೆಯ ತಾಂಡಾಗಳ ಲಂಬಾಣಿ ಹೆಂಗಸರ ಕಸೂತಿ ಲೋಕಪ್ರಸಿದ್ಧ. ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕನ್ನಡಿ, ಕವಡೆ, ನಾಣ್ಯಗಳನ್ನು ದೊಡ್ಡವರ ಉಡುಪಿಗೆ ಬಿಟ್ಟು, ಬರೀ ದಾರದ ಆ ಹೊಲಿಗೆಗಳನ್ನು ಕೂಸಿನ ಅಂಗಿಯ ಕೆಳ ಅಂಚಿಗೆ ಹಾಕಿದರೆ ಅಂದವೂ ಉಂಟು, ಅಪಾಯವೂ ಇಲ್ಲ.

‘ಜಾತ್ರೆಯಲ್ಲಿ ಇದಕ್ಕಿಂತ ಅಗ್ಗವಾಗಿ ಸಿಗುತ್ತದಲ್ಲ’ ಎಂದು ನೀವು ಕೇಳಬಹುದು. ನಿಜ. ಹೊಸ ಬಟ್ಟೆ ಕೊಂಡು ಹೊಲಿದರೆ ಕೆಲವೊಮ್ಮೆ ಸಿದ್ಧ ಉಡುಪಿಗಿಂತ ಹೆಚ್ಚೇ ಖರ್ಚಾಗುತ್ತದೆ. ಜೀನ್ಸ್ ತಯಾರಿಕೆಗೆ ಹೆಸರಾದ ಬಳ್ಳಾರಿಯಂಥ ಊರುಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಂದೇ ಅಳತೆಯ ಅನೇಕ ತುಂಡುಗಳನ್ನು ಒಟ್ಟಿಗೆ ಕತ್ತರಿಸುತ್ತಾರೆ. ಆ ಅಗ್ಗದೊಡನೆ ಮನೆಯ ಸೂಜಿ ಸ್ಪರ್ಧಿಸಲಾರದು. ಆದರೆ ಆ ಕತ್ತರಿಗೆ ಗೊತ್ತಿರುವುದು ‘12 ತಿಂಗಳು’ ಎಂಬ ಚೀಟಿ ಮಾತ್ರ. ನಿಮ್ಮ ಅಕ್ಕನ ಮಗುವಿನ ತಲೆ ಎಷ್ಟು, ತೋಳು ಎಷ್ಟು ಎಂಬುದು ಅಳೆದು ನೋಡಿದ ನಿಮಗೆ ಮಾತ್ರ ಗೊತ್ತು. ಒಮ್ಮೆ ಹೊಲಿಯಲು ಕಲಿತವರು ಸಿದ್ಧ ಉಡುಪನ್ನು ಕೊಳ್ಳುವಾಗಲೂ ಮೋಸಹೋಗುವುದಿಲ್ಲ. ಅಂಗಿಯನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡುತ್ತಾರೆ, ಗುಂಡಿ ಎಳೆದು ನೋಡುತ್ತಾರೆ, ಕೊರಳನ್ನು ಅಳೆಯುತ್ತಾರೆ.

ಕೊನೆಯದಾಗಿ ಹುಡುಗರಿಗೆ ಒಂದು ಮಾತು. ಹೊಲಿಗೆ ಹೆಣ್ಣುಮಕ್ಕಳ ಪಾಠ ಎಂದು ಅನೇಕರು ತಿಳಿದಿದ್ದಾರೆ. ಆದರೆ ಪೇಟೆಗೆ ಬಂದು ನೋಡಿ, ದರ್ಜಿ ಅಂಗಡಿಗಳಲ್ಲಿ ಯಂತ್ರ ತುಳಿಯುವವರಲ್ಲಿ ಗಂಡಸರೇ ಹೆಚ್ಚು. ನಮ್ಮ ಸಿಂಪಿಗರು ತಲೆತಲಾಂತರದಿಂದ ಇದೇ ಕಾಯಕದಲ್ಲಿ ಬದುಕಿದವರು. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರು ತಮ್ಮ ಹೆಸರಿನಲ್ಲೇ ಸೂಜಿಯನ್ನು ಇಟ್ಟುಕೊಂಡಿದ್ದರು. ಯಂತ್ರಗಳ ಬಗ್ಗೆ ಅಷ್ಟೊಂದು ಟೀಕೆ ಮಾಡಿದ ಗಾಂಧೀಜಿ 1924ರಲ್ಲಿ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ಶ್ರಮವನ್ನು ಕಂಡು ಮರುಗಿ ಮಾಡಿದ ಯಂತ್ರವದು ಎಂಬುದು ಅವರ ಮೆಚ್ಚುಗೆಗೆ ಕಾರಣವಾಗಿತ್ತು. ಕೂಲಿಗೆ ಹೊಲಿದರೆ ಗಂಡಸಿನ ಕಸುಬು, ಮನೆಯ ಕೂಸಿಗೆ ಹೊಲಿದರೆ ಹೆಂಗಸಿನ ಕೆಲಸ ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಮಗು ಎಲ್ಲರದೂ ಆದರೆ ಅದರ ಅಂಗಿಯೂ ಎಲ್ಲರ ಕೆಲಸವೇ.

ಈ ರಜೆಯಲ್ಲಿ ಹೀಗೆ ಮಾಡಿ. ಬಾಣಂತನಕ್ಕೆ ತವರಿಗೆ ಬಂದ ಅಕ್ಕನ ಮಗುವಿರಬಹುದು, ನೆರೆಮನೆಯ ಕೂಸಿರಬಹುದು. ತಾಯಿಯ ಒಪ್ಪಿಗೆ ಪಡೆದು ತಲೆ, ಎದೆ, ಹೆಗಲಿನಿಂದ ಸೊಂಟದವರೆಗಿನ ಉದ್ದ, ಈ ಮೂರು ಅಳತೆಗಳನ್ನು ತೆಗೆದು ಬರೆದಿಡಿ. ಹಳೆಯ ಪಂಚೆಯೊಂದರಲ್ಲಿ ಅಂಗಿ ಹೊಲಿಯಿರಿ. ಮೂರು ತಿಂಗಳ ನಂತರ ಅದೇ ಮೂರು ಅಳತೆಗಳನ್ನು ಮತ್ತೆ ತೆಗೆದು, ಯಾವುದು ಎಷ್ಟು ಬೆಳೆದಿದೆ ಎಂದು ಹೋಲಿಸಿ. ಉದ್ದ ಸಾಲದಾದರೆ ಕೆಳಗಿನ ಮಡಿಕೆಯನ್ನು ಬಿಚ್ಚಿ ಒಂದೆರಡು ಸೆಂಟಿಮೀಟರ್ ಇಳಿಸಿ.