ಮಗುವಿಗೆ ಕಬ್ಬಿಣಾಂಶ: ಎಷ್ಟು ಕೊಡಬೇಕು, ಬಾಟ್ಲಿ ಎಲ್ಲಿಡಬೇಕು

(ಬಿ.ಸಿ.ರೋಡಿನಲ್ಲಿ ಸ್ವ-ಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿಯ ಬರಹರೂಪ)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬೀಡಿ ಕೆಲಸ ಅರ್ಧಕ್ಕೆ ಬಿಟ್ಟು ಬಸ್ಸು ಹಿಡಿದು ಬಂದಿದ್ದೀರಿ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇವೆ.

ನಾವು ಮನೆಭೇಟಿಗೆ ಹೋದಾಗ ಒಂದು ಮನೆಯಲ್ಲಿ ಹತ್ತು ತಿಂಗಳ ಮಗು ಚಾಪೆಯಲ್ಲಿ ಕೂತು ಏನನ್ನೋ ಅಲ್ಲಾಡಿಸಿ ನಗುತ್ತಿತ್ತು. ನೋಡಿದರೆ ತಾಯಿಯ ಕೆಂಪು ಮಾತ್ರೆಯ ಸ್ಟ್ರಿಪ್. ತಾಯಿ ಪಕ್ಕದಲ್ಲೇ ತಡ್ಪೆ ಹಿಡಿದು ಬೀಡಿ ಕಟ್ಟುತ್ತಿದ್ದರು. "ಅದು ರಕ್ತದ ಮಾತ್ರೆ ಸಿಸ್ಟರ್, ವಿಷ ಏನಲ್ಲ" ಅಂದರು. ಇವತ್ತಿನ ನಮ್ಮ ಮಾತೆಲ್ಲ ಆ ಒಂದು ವಾಕ್ಯದ ಬಗ್ಗೆ.

ಕಬ್ಬಿಣಾಂಶ ಮಗುವಿಗೆ ಬೇಕೇ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದ ಒಳಗಿನ 100 ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಹುಟ್ಟುವಾಗ ಮಗು ತಾಯಿಯಿಂದ ಪಡೆದ ಕಬ್ಬಿಣಾಂಶ ಸುಮಾರು ಆರು ತಿಂಗಳು ಬರುತ್ತದೆ. ಅಲ್ಲಿಯವರೆಗೆ ಎದೆಹಾಲು ಮಾತ್ರ ಸಾಕು. ತೂಕ ಕಡಿಮೆ ಇದ್ದು ಹುಟ್ಟಿದ ಮಗುವಿಗೆ ಬೇಗ ಮದ್ದು ಬೇಕಾಗುತ್ತದೆ, ಅದನ್ನು ಡಾಕ್ಟರೇ ಹೇಳಬೇಕು.

ಆರು ತಿಂಗಳಾದ ಮೇಲೆ ಬರೀ ಗಂಜಿ ತಿಳಿ ಕೊಡುವ ಅಭ್ಯಾಸ ನಮ್ಮಲ್ಲಿ ಉಂಟು. ಅದರಿಂದ ಹೊಟ್ಟೆ ತುಂಬುತ್ತದೆ, ರಕ್ತ ಆಗುವುದಿಲ್ಲ. ಮೊಳಕೆ ಬರಿಸಿದ ರಾಗಿಯ ಮಣ್ಣಿ, ಬೇಳೆಯ ಜೊತೆ ಬೇಯಿಸಿ ಅರೆದ ಹರಿವೆ ಸೊಪ್ಪು, ಮೊಟ್ಟೆ, ಮುಳ್ಳು ತೆಗೆದ ಮೀನು, ಚೆನ್ನಾಗಿ ಬೇಯಿಸಿ ನುರಿದ ಲಿವರ್ ಸ್ವಲ್ಪ ಕೊಡಿ. ಸೊಪ್ಪು ಬೇಳೆಗೆ ನಾಲ್ಕು ಹನಿ ಲಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಅಜ್ಜಿಯಂದಿರು ಪ್ರೀತಿಯಿಂದ ಬಿಸ್ಕಿಟ್ ಅದ್ದಿ ಕೊಡುವ ಚಾ ಅದನ್ನು ತಡೆಯುತ್ತದೆ. ಒಂದು ವರ್ಷದವರೆಗೆ ಎದೆಹಾಲಿನ ಬದಲು ದನದ ಹಾಲು ಕುಡಿಸುವುದೂ ಬೇಡ.

ಇನ್ನು ಸಿರಪ್. 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮ 2018ರಲ್ಲಿ ಆರಂಭವಾಯಿತು. ಅದರಂತೆ ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ವಾರಕ್ಕೆ ಎರಡು ದಿನ, ಒಂದೊಂದು ಸಲ 1 ಮಿಲಿ. ಅಷ್ಟರಲ್ಲಿ 20 ಮಿಲಿಗ್ರಾಂ ಕಬ್ಬಿಣಾಂಶ ಉಂಟು. "ಮಗು ಸಪೂರ ಉಂಟಲ್ಲ" ಅಂತ ಒಂದು ಚಮಚ ಕುಡಿಸಿದರೆ ಅದು 5 ಮಿಲಿ, ಅಂದರೆ ಐದು ಪಾಲು! ಹೆಚ್ಚು ಕೊಟ್ಟರೆ ಬೇಗ ರಕ್ತ ಬರುವುದಿಲ್ಲ, ಹೊಟ್ಟೆ ಕೆಡುತ್ತದೆ. ಅಂಗಡಿಯ ಡ್ರಾಪ್ಸಿನ ಅಳತೆಯೇ ಬೇರೆ, ಎರಡನ್ನೂ ಒಟ್ಟಿಗೆ ಕೊಡಬೇಡಿ. ಖಾಲಿ ಹೊಟ್ಟೆಗೆ ಬೇಡ. ಜ್ವರ, ಭೇದಿ ಇದ್ದಾಗ ನಿಲ್ಲಿಸಿ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಲ ಕಪ್ಪಾದರೆ ಹೆದರಬೇಡಿ.

ನಮಗೆ ಜಾಸ್ತಿ ಹೆದರಿಕೆ ಇರುವುದು ತಾಯಿಯ ಮಾತ್ರೆಯದ್ದು. ಗರ್ಭಿಣಿಗೆ 180 ದಿನ, ಹೆರಿಗೆ ಆದ ಮೇಲೆ ಪುನಃ 180 ದಿನ ಮಾತ್ರೆ ಕೊಡುತ್ತಾರೆ. ಅಂದರೆ ಮಗು ಅಂಬೆಗಾಲಿಡುವ ಹೊತ್ತಿಗೇ ಮನೆಯಲ್ಲಿ ಮಾತ್ರೆ ಇರುತ್ತದೆ. ಓಕರಿಕೆ ಬರುತ್ತದೆ ಅಂತ ಅರ್ಧ ಜನ ನುಂಗುವುದಿಲ್ಲ, ಕಿಟಕಿಯಲ್ಲಿ ರಾಶಿ ಬೀಳುತ್ತದೆ. (ರಾತ್ರಿ ಊಟದ ನಂತರ ನುಂಗಿ ನೋಡಿ, ಓಕರಿಕೆ ಕಡಿಮೆ.) ಕೆಂಪು ಬಣ್ಣ, ಮೇಲೆ ಸಕ್ಕರೆಯ ಲೇಪ. ಮಗುವಿಗೆ ಅದು ಮಿಠಾಯಿ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ. ಹತ್ತು ಕೆ.ಜಿ. ತೂಕದ ಮಗು ಹತ್ತು ಮಾತ್ರೆ ನುಂಗಿದರೆ ಜೀವಕ್ಕೇ ಅಪಾಯ. ನಾಲ್ಕೈದು ನುಂಗಿದರೂ ಆಸ್ಪತ್ರೆಗೆ ಹೋಗಲೇಬೇಕು.

ಮೊದಲು ವಾಂತಿ, ಭೇದಿ, ಕೆಲವೊಮ್ಮೆ ರಕ್ತ. ಆಮೇಲೆ ಕೆಲವು ಗಂಟೆ ಮಗು ಸರಿಯಾದ ಹಾಗೆ ಕಾಣುತ್ತದೆ. ಇಲ್ಲೇ ಮೋಸ ಹೋಗುವುದು. ಒಳಗೆ ಲಿವರ್ ಕೆಡುತ್ತಾ ಇರಬಹುದು. "ಈಗ ಆಡ್ತಾ ಉಂಟಲ್ಲ" ಅಂತ ಮನೆಗೆ ತಿರುಗಬೇಡಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ ತಾಲೂಕು ಆಸ್ಪತ್ರೆಗೆ ಹೋಗಿ, ಖಾಲಿ ಸ್ಟ್ರಿಪ್ ಅಥವಾ ಬಾಟ್ಲಿ ಜೊತೆಗೇ ಹಿಡ್ಕೊಳ್ಳಿ. ಎಷ್ಟು ನುಂಗಿದೆ ಅಂತ ಡಾಕ್ಟರಿಗೆ ಅದರಿಂದಲೇ ಗೊತ್ತಾಗುವುದು.

ಮಾತ್ರೆ, ಸಿರಪ್ ಎರಡನ್ನೂ ಸಂಘದ ಪಾಸ್ ಪುಸ್ತಕ ಇಡುವಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಇಡಿ. ಮುಂದಿನ ವಾರ ಸಭೆಗೆ ಬರುವಾಗ ತಾಯಿ ಕಾರ್ಡ್ ತನ್ನಿ, ಮನೆಯಲ್ಲಿ ಉಳಿದ ಮಾತ್ರೆ ಎಷ್ಟು ಅಂತ ಎಣಿಸಿ ಬನ್ನಿ. ಉಳಿತಾಯದ ಲೆಕ್ಕಕ್ಕಿಂತ ಮೊದಲು ಅದನ್ನು ಬರೆಯೋಣ.