ವ್ಯಾಧಿ ಹೋದರೂ ವೇದನೆ ಉಳಿದಾಗ



2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಗಿಲಾನ್–ಬಾರೆ ಸಿಂಡ್ರೋಮ್ ಎಂಬ ನರರೋಗ ಹಠಾತ್ತನೆ ಹೆಚ್ಚಿತು. ಕೆಲವೇ ವಾರಗಳಲ್ಲಿ ಶಂಕಿತ ರೋಗಿಗಳ ಸಂಖ್ಯೆ 200ನ್ನು ದಾಟಿತು. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಬರುವ ಈ ರೋಗದ ಹೆಸರು ಆಗ ಮನೆಮನೆಯ ಮಾತಾಯಿತು. ಆ ಭೀತಿ ಈಗ ಅಡಗಿದೆ. ಆದರೆ ಈ ರೋಗದಿಂದ ಪಾರಾದವರಲ್ಲಿ ಹಲವರ ಕೈಕಾಲುಗಳಲ್ಲಿ ನೋವು ಮತ್ತು ಆಯಾಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ಹಾಗೆ ಉಳಿದ ನೋವೇ ಇಂದಿನ ಉಪನ್ಯಾಸದ ವಿಷಯ.

1916ರಲ್ಲಿ ಗಿಲಾನ್, ಬಾರೆ ಮತ್ತು ಸ್ಟ್ರೋಲ್ ಎಂಬ ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಕಂಡ ಈ ರೋಗವನ್ನು ವರ್ಣಿಸಿದರು. ಹೆಚ್ಚಿನ ಸಂದರ್ಭಗಳಲ್ಲಿ ಮೊದಲು ಹೊಟ್ಟೆಯ ಅಥವಾ ಶ್ವಾಸನಾಳದ ಸೋಂಕು ಬಂದಿರುತ್ತದೆ. ರೋಗಾಣುವನ್ನು ಎದುರಿಸಬೇಕಾದ ದೇಹದ ರಕ್ಷಣಾಶಕ್ತಿಯೇ ಅನಂತರ ತನ್ನ ನರಗಳ ಮೇಲೆ ತಿರುಗಿಬೀಳುತ್ತದೆ. ಕಾಲಿನಿಂದ ಆರಂಭವಾದ ನಿಶ್ಶಕ್ತಿ ಮೇಲೇರಿ, ಕೆಲವರಿಗೆ ಉಸಿರಾಟಕ್ಕೂ ಯಂತ್ರದ ನೆರವು ಬೇಕಾಗುತ್ತದೆ. ಇಮ್ಯುನೋಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆಯ ಚಿಕಿತ್ಸೆ ಈ ಆಕ್ರಮಣವನ್ನು ತಗ್ಗಿಸುತ್ತದೆಯೇ ಹೊರತು, ಹಾಳಾದ ನರವನ್ನು ಮರುದಿನವೇ ಸರಿಪಡಿಸಲಾರದು.

ನರದ ಹೊದಿಕೆ ಮಾತ್ರ ಕೆಟ್ಟಿದ್ದರೆ ಅದು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಒಳಗಿನ ತಂತುವೇ ನಾಶವಾಗಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಸೊಂಟದಿಂದ ಕಾಲ್ಬೆರಳಿನವರೆಗಿನ ದೂರ ಸುಮಾರು 1 ಮೀಟರ್. ಗುಣವಾಗಲು ಏಕೆ ಅಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಪೆಟ್ಟು ತಿಂದ ನರ ಕಾರಣವಿಲ್ಲದೆಯೂ ನೋವಿನ ಸಂದೇಶವನ್ನು ಕಳುಹಿಸುತ್ತದೆ. ಪಾದ ಉರಿಯುತ್ತದೆ, ಬೆರಳುಗಳು ಜುಮುಗುಡುತ್ತವೆ, ರಾತ್ರಿ ಹೊದಿಕೆ ಸೋಕಿದರೂ ಮುಳ್ಳು ಚುಚ್ಚಿದಂತಾಗುತ್ತದೆ. ಸಾಮಾನ್ಯ ನೋವಿನ ಮಾತ್ರೆಗಳಿಂದ ಇದಕ್ಕೆ ಹೆಚ್ಚಿನ ಉಪಶಮನವಿಲ್ಲ. ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಮೊದಲಾದ ಬೇರೆ ಬಗೆಯ ಔಷಧಗಳನ್ನು ನರರೋಗತಜ್ಞರು ನೀಡುತ್ತಾರೆ. ಅವನ್ನು ತಾವಾಗಿಯೇ ಆರಂಭಿಸುವುದೂ ಸಲ್ಲದು, ಥಟ್ಟನೆ ನಿಲ್ಲಿಸುವುದೂ ಸಲ್ಲದು. ವ್ಯಾಯಾಮವೂ ಅಳತೆಯಲ್ಲಿರಬೇಕು, ಒಂದು ದಿನದ ಅತಿಶ್ರಮಕ್ಕೆ ಎರಡು ದಿನ ಹಾಸಿಗೆ ಹಿಡಿಯುವಂತಾಗಬಾರದು. ನಿಶ್ಶಕ್ತಿ ಹೊಸದಾಗಿ ಹೆಚ್ಚತೊಡಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆದರೆ ಈ ನೋವಿಗಿಂತ ಹೆಚ್ಚು ನೋಯಿಸುವ ಮಾತೊಂದುಂಟು: 'ರಿಪೋರ್ಟ್ ಚೆನ್ನಾಗಿದೆಯಲ್ಲ, ಇನ್ನೇನು?' ನಡೆದಾಡುವವನನ್ನು ಲೋಕ ಗುಣವಾದವನೆಂದೇ ತಿಳಿಯುತ್ತದೆ. ಬ್ಯಾಂಡೇಜಿಲ್ಲ, ಊರುಗೋಲಿಲ್ಲ, ಮುಖದಲ್ಲಿ ಬಳಲಿಕೆಯೂ ಕಾಣದು. ಮೊದಮೊದಲು ವಿವರಿಸುವ ರೋಗಿ ಕ್ರಮೇಣ ಮೌನಿಯಾಗುತ್ತಾನೆ. ಕಡೆಗೆ ತನ್ನ ನೋವನ್ನು ತಾನೇ ಶಂಕಿಸತೊಡಗುತ್ತಾನೆ. ಕಣ್ಣಿಗೆ ಕಾಣದ್ದು ಸುಳ್ಳಲ್ಲ ಎಂಬುದನ್ನು ಮನೆಯವರು ಅರಿತರೆ, ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ. 'ಈಗ ಹೇಗಿದೆ?' ಎಂದು ಕೇಳಿ, ಉತ್ತರವನ್ನು ಪೂರ್ತಿ ಆಲಿಸುವುದೂ ಒಂದು ಶುಶ್ರೂಷೆಯೇ.

ಈ ಮಾತು ಮಠದ ಅಂಗಳಕ್ಕೂ ಸಲ್ಲುತ್ತದೆ. ಸ್ಪರ್ಶಜ್ಞಾನ ಕುಂದಿದ ಅಂಗಾಲಿಗೆ ಮಧ್ಯಾಹ್ನದ ಕಾದ ಕಲ್ಲು ಸುಟ್ಟರೂ ತಿಳಿಯದು. ಅಲ್ಲೊಂದು ಚಾಪೆಯ ಹಾದಿ ಇರಲಿ. ಪಂಕ್ತಿಯಲ್ಲಿ ಕುಳಿತೇಳಲಾರದವರಿಗೆ ನಾಲ್ಕು ಕುರ್ಚಿಗಳಿರಲಿ, ಅವುಗಳಲ್ಲಿ ಕುಳಿತವರ ವಯಸ್ಸನ್ನು ಯಾರೂ ಕಣ್ಣಿನಲ್ಲೇ ಅಳೆಯದಿರಲಿ. ಬಗ್ಗಿ ನಮಸ್ಕರಿಸದೆ ನಿಂತಲ್ಲೇ ಕೈಮುಗಿದವರ ಭಕ್ತಿಯಲ್ಲಿ ಕೊರತೆ ಕಾಣದಿರಲಿ. ದಿನಕ್ಕೆ ಒಂದು ಮಿಲಿಮೀಟರಿನಷ್ಟೇ ಮುನ್ನಡೆಯುವ ದೇಹದೊಂದಿಗೆ ಬಾಳುವವರಿಗೆ, ಸುತ್ತಲಿನವರು ಅಷ್ಟೇ ತಾಳ್ಮೆಯಿಂದ ಜೊತೆನೀಡಬೇಕು.