ಕಾಲುವೆಯ ನೆನಪಿಗೊಂದು ಮನೆ



ವಿಜಯಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯವಿದೆ. ಶಾಸನ, ಶಿಲ್ಪ, ಹಸ್ತಪ್ರತಿ, ಆಯುಧಗಳನ್ನು ಅಲ್ಲಿ ಕಾಪಾಡಿದ್ದಾರೆ. ಆದರೆ ಆದಿಲ್‌ಶಾಹಿಗಳ ನೀರಿನ ಕಥೆ ನೋಡಬೇಕಾದರೆ ಹೊರಗೆ ತಿರುಗಾಡಬೇಕು. ತೊರವಿಯಿಂದ ನೆಲದೊಳಗೆ ಕೊರೆದು ತಂದ ಕರೇಜ್ ಸುರಂಗ, 1651ರಲ್ಲಿ ಮೊಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಲಾಬ್, ಮಣ್ಣಿನ ಕೊಳವೆಗಳಲ್ಲಿ ಬರುವ ನೀರಿನ ಒತ್ತಡ ತಗ್ಗಿಸಲು ಅಲ್ಲಲ್ಲಿ ನಿಲ್ಲಿಸಿದ ಗಂಜ್ ಎಂಬ ಗೋಪುರಗಳು. ಕಟ್ಟಿಸಿದ ಸುಲ್ತಾನನ ಹೆಸರು ಉಳಿದಿದೆ. ಸುರಂಗಕ್ಕಿಳಿದು ಅಗೆದವರ ಹೆಸರು ಯಾರ ಬಾಯಲ್ಲೂ ಇಲ್ಲ.

ನಮ್ಮ ಕಾಲದ ಕಾಲುವೆಗೂ ಹಾಗಾಗಬಾರದು.

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಇಟ್ಟರು. ರಾಷ್ಟ್ರಪತಿ ಅಬ್ದುಲ್ ಕಲಾಂ ಆ ಅಣೆಕಟ್ಟೆಯನ್ನು ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ಅಷ್ಟರಲ್ಲಿ ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಹೊಳೆದಂಡೆಯ ಎಷ್ಟೋ ಮನೆತನಗಳು ಗುಡಿ, ಮನೆ, ಎರೆಹೊಲ ಬಿಟ್ಟು ಪುನರ್ವಸತಿ ಕೇಂದ್ರ ಸೇರಿದ್ದವು. ಇತ್ತ ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆಯ ಉದ್ದ 172 ಕಿ.ಮೀ. ಸಿಂದಗಿ, ಇಂಡಿ ಕಡೆಯ ರೈತರು ಆ ನೀರಿಗೆ ವರ್ಷಗಟ್ಟಲೆ ಕಾದರು. ಕೊನೆಯಂಚಿನ ಹೊಲದವರು ಈಗಲೂ ಕಾಯುತ್ತಾರೆ. ಹೊಲ ಕಳಕೊಂಡವರು ಒಂದು ಕಡೆ, ನೀರು ಪಡೆದವರು ಇನ್ನೊಂದು ಕಡೆ. ಇಬ್ಬರೂ ಒಬ್ಬರನ್ನೊಬ್ಬರು ಬಲ್ಲವರಲ್ಲ.

ಇವರಿಬ್ಬರ ಕಥೆಯೂ ಒಂದೇ ಸೂರಿನಡಿ ಸಿಗುವಂಥ ಕಾಲುವೆಯ ಸಂಗ್ರಹಾಲಯ ಈ ನಾಲ್ಕು ತಾಲೂಕಿಗೆ ಬೇಕು. ಹಳೆಯ ಶಾಲೆಯ ಒಂದು ಕೋಣೆಯಾದರೂ ಸಾಕು. ಅಲ್ಲಿ ಅಣೆಕಟ್ಟೆಯ ಮಾದರಿಗಿಂತ ಮೊದಲು ನಾನು ನೋಡಬಯಸುವುದು ಒಂದು ಭೂಸ್ವಾಧೀನದ ನೋಟಿಸು. ಸರ್ವೆ ನಂಬರು, ಎಕರೆ, ಗುಂಟೆ, ಖಾತೆದಾರನ ಹೆಸರು, ಕೆಳಗೆ ಹೆಬ್ಬೆಟ್ಟಿನ ಗುರುತು. ತಲೆತಲಾಂತರದ ಹೊಲ ಕೈಬಿಟ್ಟು ಹೋದದ್ದಕ್ಕೆ ಆ ಹಾಳೆಯೇ ಸಾಕ್ಷಿ. ಅದರ ಪಕ್ಕದಲ್ಲಿ ಬುಟ್ಟಿ, ಗುದ್ದಲಿ, ತುಕ್ಕು ಹಿಡಿದ ತೂಬಿನ ಗೇಟು, ನೀರಿನ ಪಾಳಿ ಬರೆದಿಟ್ಟ ವಹಿ ಇರಲಿ. ನೀರಿಗಾಗಿ ನಡೆದ ಧರಣಿಯ ಕರಪತ್ರವೂ ಇರಲಿ. ಹೋರಾಟವನ್ನು ಬಿಟ್ಟು ಕಾಲುವೆಯ ಚರಿತ್ರೆ ಬರೆಯಲಾಗದು.

ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥ ಕಾಗದವಿದ್ದರೆ ರದ್ದಿಗೆ ಹಾಕಬೇಡಿ. ಕಾಲುವೆಯ ಕೆಲಸಕ್ಕೆ ಹೋಗಿದ್ದ ಅಜ್ಜ, ಆಯಿ ಇದ್ದರೆ ಹತ್ತಿರ ಕುಳಿತು ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಅವರ ಹೆಸರು, ಊರು, ಇಸವಿ ತಪ್ಪದೆ ಬರೆದಿಡಿ. ಇದಕ್ಕೆ ಸರಕಾರದ ಆದೇಶಕ್ಕೆ ಕಾಯಬೇಕಿಲ್ಲ. ಈ ಭಾನುವಾರವೇ ಶುರುಮಾಡಿ.